ಏಳು ಗಂಟೆಯ ದೀಪ

ಸಾಯ್ಮಿ, ಮಕ್ಕಳ ಹಲ್ಲು ನೋಡಲು ದಕ್ಷಿಣದಿಂದ
ನೀನು ಈ ಉತ್ಸ್‌ಯೋಕಿಗೆ ಬಂದು ಇನ್ನೂ ಮೂರೇ ತಿಂಗಳು.
ನಿನ್ನೆ ಅಂಗಡಿಯಲ್ಲಿ, ಬ್ರೆಡ್ಡಿನ ಸಾಲಿನ ಮುಂದೆ,
ಕೈ ಅರ್ಧ ಚಾಚಿ ನಿಂತುಬಿಟ್ಟಿದ್ದೆ,
ಬಂದದ್ದು ಯಾಕೆಂದೇ ಮರೆತವಳ ಹಾಗೆ.
ನಾನು ಹಾಲಿನ ಹತ್ತಿರವಿದ್ದೆ. ಕಂಡೆ.
ಅದು ನಿನ್ನ ತಪ್ಪಲ್ಲ. ಅದು ಡಿಸೆಂಬರು.

ನವೆಂಬರಿನ ಕೊನೆಗೆ ಗುಡ್ಡದ ಹಿಂದೆ ಇಳಿದವನು
ಜನವರಿ ಅರ್ಧ ಕಳೆಯುವ ತನಕ ತಲೆಯೆತ್ತುವುದಿಲ್ಲ.
ಇಲ್ಲಿ ಬೆಳಗು ತಾನಾಗಿ ಆಗುವುದಿಲ್ಲ,
ಬೆಳಗಬೇಕು.

ಮೂವತ್ತೊಂದು ವರ್ಷ ಅಂಚೆ ಹಂಚಿದವಳು ನಾನು.
ಯಾರ ಮನೆಯೊಳಗೆ ಕತ್ತಲು ಬಂದು
ಕಾಲು ಚಾಚಿ ಕೂತಿದೆಯೆಂದು
ಡಬ್ಬಿ ನೋಡಿದರೆ ಸಾಕಿತ್ತು:
ಮೊದಲು ಪತ್ರಿಕೆ ಉಳಿಯುತ್ತದೆ, ಆಮೇಲೆ ಬಿಲ್ಲು,
ಕೊನೆಗೆ ಮಗಳ ಕೈಬರಹದ ಲಕೋಟೆ ಕೂಡ.

ಡಾಕ್ಟರು ಹೇಳುವುದೆಲ್ಲ ಸರಿಯೇ.
ವಿಟಮಿನ್ನಿನ ಹನಿ ತಪ್ಪಿಸಬೇಡ, ಮೀನು ತಿನ್ನು,
ಒಬ್ಬಳೇ ಕೂತು ಕುಡಿಯಬೇಡ.
ಹನ್ನೆರಡಕ್ಕೆ ಆಕಾಶ ಒಂದಿಷ್ಟು ನೀಲಿಯಾಗುತ್ತದೆ,
ಶಾಯಿ ಬಾಟಲಿ ತೊಳೆದ ಮೂರನೇ ನೀರಿನಷ್ಟು ನೀಲಿ;
ಯಾರ ಹಲ್ಲು ಎಷ್ಟೇ ನೋಯಲಿ, ಆಗ ಹೊರಗೆ ಹೋಗು,
ಅಷ್ಟನ್ನಾದರೂ ಕಣ್ಣಿಗೆ ಹಚ್ಚಿಕೊ.

ಆದರೆ ನಾನು ಹೇಳಹೊರಟಿದ್ದು ಇದಲ್ಲ,
ಹೊಳೆಯಾಚೆಯ ಆಸ್ಲಾತನ ವಿಷಯ.
ಆಚೆ ದಂಡೆ ನಾರ್ವೆ. ನನಗೆ ಏಳಾದಾಗ ಅವನಿಗೆ ಆರು.
ಹೊಳೆ ಅದೇ, ಹಿಮ ಅದೇ,
ಗಡಿಯಾರ ಮಾತ್ರ ಒಪ್ಪುವುದಿಲ್ಲ.

ಕೆಲಸ ಬಿಟ್ಟ ಮೊದಲ ಚಳಿಗಾಲ
ಮೂರು ದಿನ ಹಾಸಿಗೆ ಬಿಟ್ಟು ಏಳಲಿಲ್ಲ ನಾನು.
ಜ್ವರವಿಲ್ಲ, ನೋವಿಲ್ಲ, ಅಳುವೂ ಇಲ್ಲ;
ಒದ್ದೆ ಕಂಬಳಿಯಂತೆ ಮೈ ನನ್ನ ಮೇಲೇ ಬಿದ್ದಿತ್ತು.
ನಾಲ್ಕನೆಯ ದಿನ ಫೋನು:
'ಹೆಲ್ಕಾ, ಅಡುಗೆಮನೆ ಕತ್ತಲಲ್ಲಿದೆ. ಬಲ್ಬು ಹೋಯಿತಾ?'
'ಹೂಂ,' ಅಂದೆ, 'ಬಲ್ಬು.'
'ಹಾಕು ಹಾಗಾದರೆ,' ಅಂದ. 'ನಾನು ನೋಡುತ್ತಿರುತ್ತೇನೆ.'
ಎದ್ದೆ. ಸುಟ್ಟಿರದ ಬಲ್ಬಿನ ಸ್ವಿಚ್ಚು ಒತ್ತಿದೆ.
ಆಚೆ ದಂಡೆಯಲ್ಲೂ ಒಂದು ಹತ್ತಿಕೊಂಡಿತು.

ಅಂದಿನಿಂದ ದಿನಾ ನನ್ನ ಏಳಕ್ಕೆ, ಅವನ ಆರಕ್ಕೆ.
ಒಂದು ಗಂಟೆ ನಿದ್ದೆ ಕದ್ದೆಯೆಂದು ಇವತ್ತಿಗೂ ಗೊಣಗುತ್ತಾನೆ.

ಅವನ ನಾಯಿ ಸತ್ತ ವರ್ಷ
ಆಚೆಯ ಕಿಟಕಿ ಹತ್ತಲಿಲ್ಲ.
ಏಳೂವರೆ. ಎಂಟು. ಕಾಫಿ ಆರಿ ಕೆನೆಗಟ್ಟಿತು.
ಫೋನು ಎತ್ತಲಿಲ್ಲ.
ಬೂಟು ಹಾಕಿ ಹೆಪ್ಪುಗಟ್ಟಿದ ಹೊಳೆಯ ಮೇಲೆ ನಡೆದೆ,
ಹೆಜ್ಜೆ ಹೆಜ್ಜೆಗೂ ಕೆಳಗೆ ಮಂಜುಗಡ್ಡೆ ಮುಲುಗುತ್ತಿತ್ತು,
ಎರಡು ದೇಶದ ನಡುವೆ ಒಬ್ಬ ಮುದುಕಿ,
ಜೇಬಿನಲ್ಲಿ ಕಾಲುಚೀಲ ಸುತ್ತಿದ ಒಂದು ಬಲ್ಬು.

ಗೋಡೆಗೆ ಮುಖ ಮಾಡಿ ಮಲಗಿದ್ದ.
ಹೇಗಿದ್ದೀಯ ಎನ್ನಲಿಲ್ಲ ನಾನು.
ಸ್ಟೂಲು ಹತ್ತಿ, ಸರಿಯಿದ್ದ ಬಲ್ಬು ತೆಗೆದು
ಸರಿಯಿದ್ದ ಬಲ್ಬು ಹಾಕಿದೆ.
ಅವನು ನೋಡುತ್ತಿದ್ದ. ತುಂಬ ಹೊತ್ತಾದ ಮೇಲೆ
'ಸ್ಟೂಲಿನ ಒಂದು ಕಾಲು ಸಡಿಲ, ಬಿದ್ದೀಯೆ,' ಅಂದ.
ಮಾಡಿನ ಹಿಮ ತೆಗೆಯಲು ಆಳು ಬೇಕು ಅಂದೆ.
ನಾಳೆ ಅಂದ. ಇವತ್ತೇ ಅಂದೆ. ಬಂದ.

ಗುಣವಾಯಿತೆ ಎಂದು ಕೇಳಬೇಡ.
ಮತ್ತೆರಡು ಸಲ ಹಾಗಾಯಿತು. ನನಗೂ ಒಂದು ಸಲ.
ಆಮೇಲೆ ಜೂನು ಬಂದು ಸೂರ್ಯ ಮುಳುಗುವುದನ್ನೇ ಮರೆತಾಗಲೂ
ಬೆಳಗ್ಗೆ ಏಳಕ್ಕೆ ಆ ದೀಪ ಇರುತ್ತದೆ,
ಬಿಸಿಲಲ್ಲಿ ಹಾಲು ಬೆರೆಸಿದ ಹಾಗೆ, ಇದ್ದೂ ಕಾಣದೆ.
ನನ್ನದೂ ಇರುತ್ತದೆ.
ಕರೆಂಟಿನ ಬಿಲ್ಲಿನ ಮಾತು ಇಬ್ಬರೂ ಎತ್ತುವುದಿಲ್ಲ.

ಸಾಯ್ಮಿ, ನಿನ್ನ ಬಾಡಿಗೆ ಮನೆಯ ಪಕ್ಕದ ಕಿಟಕಿ
ನನ್ನ ಒಲೆಯ ಹತ್ತಿರದಿಂದ ಕಾಣುತ್ತದೆ.
ನೀನೇನೂ ಹೇಳಬೇಕಿಲ್ಲ.
ಮನೆಯಲ್ಲಿ ಬಲ್ಬು ಇದೆಯಾ?